ಮಣ್ಣು ಮತ್ತು ಬೆಂಕಿ: ಶಿಲ್ಪ ಹಾಗೂ ಕುಂಭಕಲೆಗಳ ಪದವಿವ್ಯಾಸಂಗ



ಹೈಸ್ಕೂಲಿನ ವಿದ್ಯಾಭ್ಯಾಸವು ಮುಗಿಯುತ್ತ ಬಂದಂತೆಲ್ಲ ಮುಂದೇನನ್ನು ಓದಬೇಕೆಂಬ ಪ್ರಶ್ನೆಯು ಪ್ರತಿಯೊಬ್ಬ ಬಾಲಿಕೆಯ ಎದುರಿಗೂ ಬಂದು ನಿಲ್ಲುತ್ತದೆ. ವೈದ್ಯವಿದ್ಯೆ, ಯಂತ್ರಶಾಸ್ತ್ರ, ಉಪಾಧ್ಯಾಯಿನಿಯ ವೃತ್ತಿ ಮುಂತಾದವುಗಳ ವಿಷಯವಾಗಿ ಬುದ್ಧಿ ಹೇಳುವವರು ಮನೆಯಲ್ಲಿಯೂ ಶಾಲೆಯಲ್ಲಿಯೂ ಅನೇಕರಿರುವರು. ಆದರೆ ಚಿತ್ರದ ತರಗತಿಯಲ್ಲಿ ಗಂಟೆ ಬಾರಿಸಿದ್ದನ್ನೂ ಅರಿಯದೆ ಕುಳಿತಿರುವ, ಸೀಮೆಸುಣ್ಣದ ತುಂಡು ಸಿಕ್ಕಿದರೂ ಅದರಲ್ಲೊಂದು ಮುಖವನ್ನು ಕೆತ್ತಿಬಿಡುವ ಹುಡುಗಿಗೆ ದಾರಿ ತೋರುವವರು ವಿರಳ. ಅಂಥವಳಿಗಾಗಿ ಶಿಲ್ಪ ಮತ್ತು ಕುಂಭಕಲೆಗಳ ಪದವಿವ್ಯಾಸಂಗವು ಎಂತಹದೆಂಬುದನ್ನು ಇಲ್ಲಿ ವಿವರಿಸುವೆನು.

೧. ವ್ಯಾಸಂಗದ ಕ್ರಮ

ನಮ್ಮ ದೇಶದಲ್ಲಿ ಈ ವಿದ್ಯೆಗೆ ವಿಶ್ವವಿದ್ಯಾಲಯದ ಪದವಿಯು ದೊರೆಯುವುದು ಬಹು ಪುರಾತನವಾದ ಸಂಗತಿಯಲ್ಲ. ಶಾಂತಿನಿಕೇತನದಲ್ಲಿ ಕಲಾಭವನವು ೧೯೧೯ರಲ್ಲಿ ಸ್ಥಾಪಿತವಾಯಿತು. ಬರೋಡೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಲಲಿತಕಲೆಗಳ ವಿಭಾಗವು ೧೯೫೦ರಲ್ಲಿ ಆರಂಭವಾಯಿತು. ಕರ್ಣಾಟಕದಲ್ಲಿ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿಯೂ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿಯೂ ಶಿಲ್ಪವನ್ನು ಕಲಿಸುವರು.

ಪಿ.ಯು.ಸಿ. ತರಗತಿಯು ಮುಗಿದ ಮೇಲೆ ಸಾಮಾನ್ಯವಾಗಿ ನಾಲ್ಕು ವರ್ಷಗಳ ವ್ಯಾಸಂಗವಿರುತ್ತದೆ. ಅನೇಕ ಕಾಲೇಜುಗಳಲ್ಲಿ ಸೇರುವುದಕ್ಕೆ ಮುಂಚೆ ಚಿತ್ರಲೇಖನದ ಪರೀಕ್ಷೆಯುಂಟು. ಮೊದಲ ವರ್ಷವು ತಳಪಾಯದ ವರ್ಷ. ಆಗ ರೇಖಾಚಿತ್ರ, ವರ್ಣಜ್ಞಾನ, ವಿನ್ಯಾಸ, ಮಣ್ಣಿನ ರೂಪಣೆ ಇವೆಲ್ಲವನ್ನೂ ಎಲ್ಲರೂ ಕಲಿಯತಕ್ಕದ್ದು. ಅನಂತರ ತನಗೆ ಒಗ್ಗಿದ ಶಾಖೆಯನ್ನು ಆರಿಸಿಕೊಳ್ಳಬಹುದು. ಕೈಕೆಲಸದೊಡನೆ ಕಲೆಯ ಇತಿಹಾಸ ಮತ್ತು ಸೌಂದರ್ಯಶಾಸ್ತ್ರಗಳನ್ನು ಓದಿ ಲಿಖಿತ ಪರೀಕ್ಷೆಯನ್ನೂ ಕೊಡಬೇಕು. ಆದುದರಿಂದ ಪುಸ್ತಕಕ್ಕೆ ಬೇಸತ್ತವರ ಆಶ್ರಯವಿದೆಂದು ಯಾರೂ ಭಾವಿಸಕೂಡದು.

೨. ಶಿಲ್ಪ

ಗಣಿತದಲ್ಲಿ ಸಂಕಲನ, ವ್ಯವಕಲನಗಳಿರುವಂತೆ ಶಿಲ್ಪದಲ್ಲಿಯೂ ಎರಡು ಮಾರ್ಗಗಳುಂಟು. ಮಣ್ಣಿನಲ್ಲಿ ರೂಪವನ್ನು ಕಟ್ಟುವಾಗ ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಹೋಗುವೆವು; ಕಲ್ಲು ಮರಗಳನ್ನು ಕೆತ್ತುವಾಗ ಬೇಡವಾದುದನ್ನು ಕಳೆಯುತ್ತ ಹೋಗುವೆವು. ಸೇರಿಸಿದುದನ್ನು ತೆಗೆಯಬಹುದು, ಒಮ್ಮೆ ಕಳೆದ ಕಲ್ಲನ್ನು ಮರಳಿ ಅಂಟಿಸಲಾಗದು. ಈ ಕಾರಣದಿಂದ ವಿದ್ಯಾರ್ಥಿಗೆ ಮೊದಲು ಮಣ್ಣು, ಆಮೇಲೆ ಉಳಿ.

ಮಣ್ಣು ತನ್ನ ಭಾರದಿಂದಲೇ ಕುಸಿಯುವ ವಸ್ತು. ಆದುದರಿಂದ ದೊಡ್ಡ ಪ್ರತಿಮೆಯೊಳಗೆ ಕಬ್ಬಿಣದ ಸರಳು, ತಂತಿ, ಮರದ ತುಂಡುಗಳ ಎಲುಬುಗೂಡನ್ನು ಮೊದಲೇ ನಿಲ್ಲಿಸಬೇಕು. ಹೀಗೆ ಕಟ್ಟಿದ ಪ್ರತಿಮೆಯ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸನ್ನು ಹೊಯ್ದು ಅಚ್ಚನ್ನು ತೆಗೆದು, ಆ ಅಚ್ಚಿನೊಳಗೆ ಪ್ಲಾಸ್ಟರನ್ನಾಗಲಿ ಸಿಮೆಂಟನ್ನಾಗಲಿ ತುಂಬಿ ಶಾಶ್ವತವಾದ ರೂಪವನ್ನು ಪಡೆಯುವರು. ಶಾಂತಿನಿಕೇತನದ ರಾಮಕಿಂಕರ ಬೈಜರು ೧೯೩೮ರಲ್ಲಿ ರಚಿಸಿದ ‘ಸಂಥಾಲ ಕುಟುಂಬ’ವೆಂಬ ದೊಡ್ಡ ಶಿಲ್ಪವು ಕಂಚಿನದೂ ಅಲ್ಲ, ಅಮೃತಶಿಲೆಯದೂ ಅಲ್ಲ, ಸಿಮೆಂಟು ಮತ್ತು ಆ ನೆಲದ ಮುರಕಲ್ಲಿನ ಹರಳುಗಳಿಂದ ಆದುದು. ಬೆಲೆಯುಳ್ಳ ಸಾಮಗ್ರಿಯಿಲ್ಲವೆಂದು ಕೈಕಟ್ಟಿ ಕೂರುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಲೋಹದ ಎರಕವನ್ನೂ ಕಲಿಸುವರು. ಮೇಣದಲ್ಲಿ ರೂಪವನ್ನು ಮಾಡಿ, ಅದಕ್ಕೆ ಮಣ್ಣನ್ನು ಮೆತ್ತಿ ಒಣಗಿಸಿ, ಕಾಯಿಸಿದರೆ ಮೇಣವು ಕರಗಿ ಹರಿದುಹೋಗುತ್ತದೆ. ಅದು ಬಿಟ್ಟ ಬರಿದಾದ ಎಡೆಗೆ ಕರಗಿದ ಲೋಹವನ್ನು ಹೊಯ್ಯುವರು. ಇದು ಹೊರಗಿನಿಂದ ಬಂದ ವಿದ್ಯೆಯೆಂದು ಭ್ರಮಿಸಬೇಡಿರಿ. ಮೊಹೆಂಜೊದಾರೋವಿನಲ್ಲಿ ೧೯೨೬ರಲ್ಲಿ ದೊರೆತ, ಗೇಣಿಗಿಂತಲೂ ಚಿಕ್ಕದಾದ ನರ್ತಕಿಯ ಕಂಚಿನ ಪ್ರತಿಮೆಯು ಇದೇ ಕ್ರಮದಿಂದ ಆದುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಹನ್ನೆರಡನೆಯ ಶತಮಾನದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಇದರ ವಿವರಣೆಯಿದೆ.

೩. ಕುಂಭಕಲೆ

ಕುಂಭಕಲೆಯು ನಮ್ಮಂಥ ಮಿಶನ್ ಶಾಲೆಯವರಿಗೆ ಪರಕೀಯವಲ್ಲ. ಬಾಸೆಲ್ ಮಿಶನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು; ಮಂಗಳೂರು ಹೆಂಚಿನ ಹೆಸರು ದೇಶದಲ್ಲೆಲ್ಲ ಹಬ್ಬಿತು. ಮಳೆಯಲ್ಲಿ ಕರಗುವ ಮಣ್ಣೇ ಬೆಂಕಿಯನ್ನು ಹೊಕ್ಕು ಬಂದು ಮಳೆಯಿಂದ ನಮ್ಮನ್ನು ಕಾಯುವುದು ಆಲೋಚಿಸತಕ್ಕ ವಿಷಯ.

ವಿದ್ಯಾರ್ಥಿನಿಯು ಮೊದಲು ಕಲಿಯುವುದು ಮಣ್ಣನ್ನು ನಾದುವುದನ್ನು. ಹಿಟ್ಟಿನಂತೆ ನಾದಿ ಒಳಗಿನ ಗಾಳಿಯನ್ನು ಹೊರಡಿಸದಿದ್ದರೆ ತಿಗರಿಯ ಮೇಲೆ ಅದು ಸಮವಾಗಿ ಏಳದು. ಬಳಿಕ ಹೆಬ್ಬೆರಳಿನಿಂದ ಒತ್ತಿ ಬಟ್ಟಲು ಮಾಡುವುದು, ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಸುತ್ತಿ ಕಟ್ಟುವುದು, ಹಲಗೆಗಳಂತೆ ತಟ್ಟಿ ಜೋಡಿಸುವುದು, ಕಡೆಗೆ ತಿಗರಿ. ಮಣ್ಣು ಒಣಗಿ ಬೇಯುವಷ್ಟರಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುವುದುಂಟು. ೧೮ ಸೆಂಟಿಮೀಟರು ಎತ್ತರದ ಹೂಜಿ ಬೇಕಾದರೆ ಹಸಿಯಲ್ಲಿ ೨೦ ಸೆಂಟಿಮೀಟರು ಎತ್ತರವಾಗಿ ಮಾಡಬೇಕು. ಗಣಿತವು ಇಲ್ಲಿಗೂ ಬಂದೇ ಬರುವುದು!

ಆವಿಗೆಯೊಳಗೆ ನಡೆಯುವುದು ಶುದ್ಧ ರಸಾಯನಶಾಸ್ತ್ರ. ನೂರು ಡಿಗ್ರಿಯ ಹೊತ್ತಿಗೆ ಮಣ್ಣಿನಲ್ಲಿ ಉಳಿದ ಪಸೆಯು ಆವಿಯಾಗುತ್ತದೆ. ಸುಮಾರು ೪೫೦ರಿಂದ ೬೦೦ ಡಿಗ್ರಿಗಳ ನಡುವೆ ಮಣ್ಣಿನ ಕಣಗಳೊಡನೆ ರಾಸಾಯನಿಕವಾಗಿ ಬೆರೆತ ನೀರೂ ಬಿಟ್ಟುಹೋಗುತ್ತದೆ. ಆಮೇಲೆ ಆ ಮಣ್ಣು ನೀರಿನಲ್ಲಿ ನೆನೆದು ಮೆತುವಾಗಲಾರದು. ೫೭೩ ಡಿಗ್ರಿಯಲ್ಲಿ ಅದರೊಳಗಿನ ಬೆಣಚುಕಲ್ಲಿನ ಕಣಗಳು ಥಟ್ಟನೆ ಹಿಗ್ಗುವುದರಿಂದ ಅಲ್ಲಿ ಶಾಖವನ್ನು ನಿಧಾನವಾಗಿ ಏರಿಸಬೇಕು. ಮೊದಲ ಸುಡುವಿಕೆಯು ೯೦೦ರಿಂದ ೧೦೦೦ ಡಿಗ್ರಿಗಳವರೆಗೆ. ಅನಂತರ ಗಾಜಿನಂತೆ ಹೊಳೆಯುವ ಲೇಪವನ್ನು ಹಚ್ಚಿ ಮತ್ತೊಮ್ಮೆ ಸುಡುವರು. ಗಟ್ಟಿ ಜಾತಿಯ ಪಾತ್ರೆಗಳಿಗೆ ೧೨೦೦ರಿಂದ ೧೩೦೦ ಡಿಗ್ರಿಗಳು ಬೇಕು. ಲೇಪಕ್ಕೆ ತಾಮ್ರದ ಭಸ್ಮವನ್ನು ಬೆರೆಸಿದರೆ ಹಸಿರು, ಕೋಬಾಲ್ಟಿನಿಂದ ನೀಲಿ, ಕಬ್ಬಿಣದಿಂದ ಕಂದು. ಹಳ್ಳಿಯ ಕುಂಬಾರನ ಮಡಕೆಯು ಕಡಮೆ ಶಾಖದಲ್ಲಿ ಬೆಂದು ಸೂಕ್ಷ್ಮ ರಂಧ್ರಗಳನ್ನು ಉಳಿಸಿಕೊಂಡಿರುವುದರಿಂದಲೇ ನೀರು ಜಿನುಗಿ, ಆವಿಯಾಗಿ, ಒಳಗಿನ ನೀರನ್ನು ತಂಪಾಗಿಡುತ್ತದೆ.

ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಬೇಕು. ಒಣ ಮಣ್ಣಿನ ಧೂಳು ವರ್ಷಗಟ್ಟಲೆ ಶ್ವಾಸಕೋಶವನ್ನು ಹೊಕ್ಕರೆ ಗುಣವಾಗದ ರೋಗವನ್ನು ತರಬಲ್ಲುದು. ಆದುದರಿಂದ ಕೆಲಸದ ಕೊಠಡಿಯನ್ನು ಗುಡಿಸಕೂಡದು, ಒದ್ದೆ ಬಟ್ಟೆಯಿಂದ ಒರಸಬೇಕು. ಸೀಸವಿರುವ ಲೇಪವನ್ನು ಉಣ್ಣುವ ಪಾತ್ರೆಗೆ ಎಂದಿಗೂ ಹಚ್ಚಕೂಡದು.

೪. ಒಡೆದ ಪ್ರತಿಮೆ

ಈ ವ್ಯಾಸಂಗದ ಎರಡನೆಯ ವರ್ಷದಲ್ಲಿ ನಾನು ಮೊರದಲ್ಲಿ ಅಕ್ಕಿ ಕೇರುತ್ತ ಕುಳಿತ ನನ್ನ ಅಜ್ಜಿಯ ಪ್ರತಿಮೆಯೊಂದನ್ನು ಮಾಡಿದೆನು. ಮಣ್ಣು ತೊಗಲಿನ ಹದಕ್ಕೆ ಬಂದಾಗ ಒಳಭಾಗವನ್ನೆಲ್ಲ ಕೆರೆದು, ಬೆರಳಿನಷ್ಟು ದಪ್ಪ ಗೋಡೆಯನ್ನು ಮಾತ್ರ ಉಳಿಸಬೇಕೆಂದು ಗುರುಗಳು ಹೇಳಿದ್ದರು. ಮುಖವು ಕೆಟ್ಟೀತೆಂಬ ಭಯದಿಂದ ನಾನು ತಲೆಯನ್ನು ಮುಟ್ಟದೆ ಬಿಟ್ಟೆನು. ಎಲ್ಲವನ್ನೂ ಕೆರೆದಿರುವೆನೆಂದು ಹೇಳಿದೆನು. ಹೊರಗೆ ಒಣಗಿದಂತೆ ಕಂಡ ಆ ತಲೆಯ ನಡುವೆ ಪಸೆಯು ಉಳಿದಿತ್ತು. ನೀರು ಆವಿಯಾದಾಗ ಸಾವಿರದ ಆರುನೂರು ಪಾಲಿಗಿಂತಲೂ ಹೆಚ್ಚಾಗಿ ಹಿಗ್ಗುವುದಷ್ಟೆ. ಮರುದಿನ ಆವಿಗೆಯನ್ನು ತೆರೆದಾಗ ಅಜ್ಜಿಯ ಮುಖವಿರಲಿಲ್ಲ. ಅಷ್ಟೇ ಅಲ್ಲ, ಸಿಡಿದ ಚೂರುಗಳು ಪಕ್ಕದಲ್ಲಿದ್ದ ಸಹಪಾಠಿಯೊಬ್ಬಳ ಆರು ಬಟ್ಟಲುಗಳಲ್ಲಿ ನಾಲ್ಕನ್ನು ಒಡೆದಿದ್ದವು. ಅವು ಆಕೆಯ ಎರಡು ವಾರಗಳ ದುಡಿಮೆ.

ಆಗ ನನಗೆ ಬಾಲ್ಯದಲ್ಲಿ ಕಲಿತ ಸತ್ಯವೇದದ ಪಾಠವು ನೆನಪಾಯಿತು. ಯೆರೆಮೀಯನ ಪ್ರವಾದನೆಯ ೧೮ನೆಯ ಅಧ್ಯಾಯದಲ್ಲಿ ಕುಂಬಾರನು ಕೈಯಲ್ಲಿ ಕೆಟ್ಟುಹೋದ ಪಾತ್ರೆಯ ಮಣ್ಣನ್ನೇ ತೆಗೆದುಕೊಂಡು ಮತ್ತೊಂದು ಪಾತ್ರೆಯನ್ನು ಮಾಡುವನು. ಇದನ್ನು ಎಲ್ಲರೂ ಬಲ್ಲರು. ಆದರೆ ಮುಂದಿನ ಅಧ್ಯಾಯದಲ್ಲಿ ಪ್ರವಾದಿಯು ಸುಟ್ಟ ಮಣ್ಣಿನ ಕೂಜೆಯನ್ನು ಒಡೆಯುವನು; ಅದನ್ನು ಮತ್ತೆ ಸರಿಮಾಡಲಾಗದು. ಹಸಿಯಿದ್ದಾಗ ತಿದ್ದಿಕೊಳ್ಳಬಹುದಾದುದು ಬೆಂದ ಮೇಲೆ ತಿದ್ದಲಾಗದು. ಎರಡೂ ಅಧ್ಯಾಯಗಳ ಅರ್ಥವು ಆ ಆವಿಗೆಯ ಬಾಗಿಲಲ್ಲಿ ನನಗೆ ಒಟ್ಟಿಗೆ ತಿಳಿಯಿತು. ಸಹಪಾಠಿಗೆ ನಡೆದುದನ್ನು ಮುಚ್ಚಿಡದೆ ಹೇಳಿದೆನು. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, “ನಾಳೆಯಿಂದ ನನ್ನ ಮಣ್ಣನ್ನು ನೀನೇ ನಾದಿಕೊಡು” ಎಂದಳು. ಆ ತಿಂಗಳೆಲ್ಲ ನಾದಿಕೊಟ್ಟೆನು. ನಾನು ಮಣ್ಣನ್ನು ಸರಿಯಾಗಿ ನಾದಲು ಕಲಿತದ್ದು ಆಗಲೇ.

೫. ಸ್ತ್ರೀಯರು ಮತ್ತು ಶಿಲ್ಪ

ಉಳಿ ಸುತ್ತಿಗೆಗಳು ಹೆಂಗಸಿನ ಕೈಗೆ ತಕ್ಕವಲ್ಲವೆಂದು ಹೇಳುವವರು ಇಂದಿಗೂ ಇರುವರು. ಇವರಿಗೆ ಇಬ್ಬರ ಹೆಸರನ್ನು ಹೇಳಿದರೆ ಸಾಕು. ಟಿ. ನರಸೀಪುರದಲ್ಲಿ ೧೯೪೨ರಲ್ಲಿ ಜನಿಸಿದ ಕನಕಾ ಮೂರ್ತಿಯವರು ದೇವಲಕುಂದ ವಾದಿರಾಜರಲ್ಲಿ ಶಿಷ್ಯವೃತ್ತಿಯನ್ನು ಮಾಡಿ, ಸಂಪ್ರದಾಯದ ಶಿಲಾಶಿಲ್ಪದಲ್ಲಿ ಪರಿಣತರಾಗಿ, ರಾಜ್ಯದ ಜಕಣಾಚಾರಿ ಪ್ರಶಸ್ತಿಯನ್ನು ಪಡೆದರು, ೨೦೨೧ರಲ್ಲಿ ದಿವಂಗತರಾದರು. ಬಂಗಾಳದ ಮೀರಾ ಮುಖರ್ಜಿಯವರು (೧೯೨೩–೧೯೯೮) ಜರ್ಮನಿಯ ಮ್ಯೂನಿಕ್ ನಗರದಲ್ಲಿ ಓದಿ ಬಂದವರಾದರೂ, ಬಸ್ತರದ ಕುಶಲಕರ್ಮಿಗಳ ಬಳಿಯಲ್ಲಿ ಅವರ ಎರಕದ ಕ್ರಮವನ್ನು ಕಲಿತು, ಅದರಿಂದಲೇ ತಮ್ಮ ಕಂಚಿನ ಪ್ರತಿಮೆಗಳನ್ನು ನಿರ್ಮಿಸಿದರು. ಓದಿದವರು ಓದದವರ ಮುಂದೆ ಶಿಷ್ಯರಾಗಿ ಕೂರುವುದು ಅವಮಾನವಲ್ಲವೆಂಬುದನ್ನು ಅವರ ಜೀವನದಿಂದ ನಾವು ಕಲಿಯತಕ್ಕುದು.

೬. ಜೀವನೋಪಾಯ

“ಇದರಿಂದ ಅನ್ನವು ಹುಟ್ಟುವುದೋ?” ಎಂದು ತಂದೆತಾಯಿಗಳು ಕೇಳುವುದು ನ್ಯಾಯವಾಗಿಯೇ ಇದೆ. ಪ್ರತಿಮೆಗಳನ್ನು ಮಾರಿಯೇ ಸಂಸಾರವನ್ನು ನಡೆಸಬಲ್ಲವರು ಕೆಲವರು ಮಾತ್ರ; ಇದನ್ನು ಮರೆಮಾಚುವುದು ಸರಿಯಲ್ಲ. ಆದರೆ ಶಾಲೆಗಳಲ್ಲಿ ಕಲೆಯ ಉಪಾಧ್ಯಾಯಿನಿಯಾಗಿ, ಪಾತ್ರೆಗಳ ಸ್ವಂತ ಕಾರ್ಯಾಗಾರವನ್ನು ನಡೆಸಿ, ಹೆಂಚು ಪಿಂಗಾಣಿಗಳ ವಿನ್ಯಾಸಕಿಯಾಗಿ, ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಪ್ರತಿಮೆಗಳ ಸಂರಕ್ಷಣೆಯನ್ನು ಕಲಿತು ಜೀವಿಸುವವರು ಉಂಟು. ಪದವಿಯ ಬಳಿಕ ಎರಡು ವರ್ಷಗಳ ಉನ್ನತ ವ್ಯಾಸಂಗಕ್ಕೂ ಅವಕಾಶವಿದೆ. ಐಶ್ವರ್ಯವನ್ನೇ ಬಯಸುವವಳು ಬೇರೆ ದಾರಿಯನ್ನು ಹಿಡಿಯಲಿ. ದುಡಿಮೆಗೆ ಅಂಜದವಳು ಇಲ್ಲಿ ನಿಲ್ಲಬಹುದು.

ಸೋದರಿಯರೇ, ನಿಮ್ಮಲ್ಲಿ ಯಾರಿಗಾದರೂ ಈ ಕಡೆಗೆ ಮನಸ್ಸಿದ್ದರೆ ಕಾಲೇಜು ಸೇರುವವರೆಗೆ ಕಾಯಬೇಕಾಗಿಲ್ಲ. ಈ ರಜೆಯಲ್ಲಿ ಸಮೀಪದ ಕುಂಬಾರರ ಮನೆಗೆ ಹೋಗಿ, ಅವರ ಅಪ್ಪಣೆಯನ್ನು ಪಡೆದು, ಒಂದು ಮುದ್ದೆ ಮಣ್ಣನ್ನು ನಾದಿ ನೋಡಿರಿ. ಬಟ್ಟಲು ಸೊಟ್ಟಗಾದರೆ ಮರಳಿ ಮುದ್ದೆಮಾಡಿರಿ. ಒಳಗೆ ಪಸೆಯನ್ನು ಉಳಿಸಿ ಹೊರಗೆ ಒಣಗಿದಂತೆ ತೋರಿಸಿಕೊಂಡು ಮಾತ್ರ ಬೆಂಕಿಗೆ ಹೋಗಬೇಡಿರಿ.