ಮನಸ್ಸಿಗೂ ಚರ್ಮಕ್ಕೂ ಇರುವ ನಂಟು



ವಿಜ್ಞಾನದಲ್ಲಿ ಚರ್ಮದ ಪಾಠ ಮುಗಿಯಿತು. ಹೊರಚರ್ಮ, ಒಳಚರ್ಮ, ಬೆವರಿನ ಗ್ರಂಥಿ ಎಲ್ಲವನ್ನೂ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದೇವೆ. ಪಾಠದಲ್ಲಿ ಇಲ್ಲದ ಒಂದು ವಿಷಯವನ್ನು ಈ ಸಲ ನಮ್ಮ ಗೋಡೆ ಪತ್ರಿಕೆಗೆ ಬರೆಯುತ್ತಿದ್ದೇನೆ. ಕಾರಣ ಇದೆ. ಕಳೆದ ತಿಂಗಳು ಊಟದ ಸಾಲಿನಲ್ಲಿ "ಅವಳ ಪಕ್ಕ ಕೂರಬೇಡ, ಅಂಟುತ್ತೆ" ಅನ್ನೋ ಮಾತು ನನ್ನ ಕಿವಿಗೆ ಬಿತ್ತು. ಯಾರು ಯಾರಿಗೆ ಅಂದರು ಅಂತ ಬರೆಯುವುದಿಲ್ಲ.

ಮೇಷ್ಟ್ರು ಬೋರ್ಡಿನ ಹತ್ತಿರ ಕರೆದ ಕೂಡಲೇ ನಮ್ಮ ಅಂಗೈ ಬೆವರುತ್ತದೆ, ಸೀಮೆಸುಣ್ಣ ಒದ್ದೆಯಾಗುತ್ತದೆ. ನಾಚಿಕೆಯಾದರೆ ಕೆನ್ನೆ ಕೆಂಪು, ಹೆದರಿದರೆ ಮುಖ ಬಿಳಿಚು. ದೆವ್ವದ ಕಥೆ ಕೇಳಿದರೆ ಮೈ ರೋಮ ನಿಮಿರುತ್ತೆ. ಇದೆಲ್ಲ ನಡೆಯುವುದು ಚರ್ಮದಲ್ಲಿ, ಶುರುವಾಗುವುದು ಮನಸ್ಸಿನಲ್ಲಿ. ತಾಯಿಯ ಗರ್ಭದಲ್ಲಿ ಮಗು ಇನ್ನೂ ಕೆಲವೇ ವಾರದ ಪಿಂಡವಾಗಿದ್ದಾಗ ಅದಕ್ಕೆ ಮೂರು ಪದರಗಳಿರುತ್ತವೆ. ಹೊರಗಿನ ಪದರದಿಂದಲೇ ಹೊರಚರ್ಮವೂ ಬೆಳೆಯುತ್ತದೆ, ಮೆದುಳು ಮತ್ತು ನರಗಳೂ ಬೆಳೆಯುತ್ತವೆ. ಒಂದೇ ಮನೆಯ ಮಕ್ಕಳು ಅನ್ನಿ.

ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಅಡ್ರಿನಲ್ ಗ್ರಂಥಿಗಳು ಕುಳಿತಿವೆ. ಭಯ, ಚಿಂತೆ ಆದಾಗ ಅವು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಗೂಳಿ ಅಟ್ಟಿಸಿಕೊಂಡು ಬಂದಾಗ ಓಡಲು ಇವು ಬೇಕೇ ಬೇಕು. ಆದರೆ ಚಿಂತೆ ತಿಂಗಳುಗಟ್ಟಲೆ ಇದ್ದರೆ ಚರ್ಮದ ರಿಪೇರಿ ಕೆಲಸ ನಿಧಾನವಾಗುತ್ತದೆ. ಇದನ್ನು ಅಮೆರಿಕದ ಒಹಾಯೋದಲ್ಲಿ ಅಳೆದೇ ನೋಡಿದ್ದಾರೆ. 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮರೆವಿನ ಕಾಯಿಲೆಯ ಸಂಬಂಧಿಕರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಹೆಂಗಸರಿಗೂ, ಆ ಜವಾಬ್ದಾರಿ ಇಲ್ಲದ 13 ಹೆಂಗಸರಿಗೂ ಮುಂಗೈ ಮೇಲೆ ಮೂರೂವರೆ ಮಿಲಿಮೀಟರಿನ ಸಣ್ಣ ಗಾಯ ಮಾಡಿದರು. ಎರಡನೆಯವರ ಗಾಯ ಸುಮಾರು 39 ದಿನಕ್ಕೆ ಮಾಯಿತು, ಆರೈಕೆ ಮಾಡುತ್ತಿದ್ದವರಿಗೆ ಸುಮಾರು 49 ದಿನ ಹಿಡಿಯಿತು. 1998ರಲ್ಲಿ ದಂತವೈದ್ಯ ಕಾಲೇಜಿನ 11 ವಿದ್ಯಾರ್ಥಿಗಳ ಬಾಯಿಯ ಅಂಗುಳದಲ್ಲಿ ಅಷ್ಟೇ ಗಾಯ ಮಾಡಿ ನೋಡಿದರು. ರಜೆಯಲ್ಲಿ ಮಾಯಲು ಹಿಡಿದ ಕಾಲಕ್ಕಿಂತ ಪರೀಕ್ಷೆ ಹತ್ತಿರ ಇದ್ದಾಗ ಶೇಕಡ 40ರಷ್ಟು ಹೆಚ್ಚು ಕಾಲ ಬೇಕಾಯಿತು. (ಇದನ್ನೇ ನೆಪ ಮಾಡಿಕೊಂಡು ಕಿರುಪರೀಕ್ಷೆ ಬೇಡ ಅನ್ನಬೇಡಿ ಅಂತ ಮೇಷ್ಟ್ರು ಮೊದಲೇ ಹೇಳಿದ್ದಾರೆ.)

ನನಗೆ ಮೊಣಕೈ ಮಡಿಕೆಯಲ್ಲಿ ಇಸಬು ಇದೆ. ಪರೀಕ್ಷೆ ಬಂತೆಂದರೆ ತುರಿಕೆ ಜಾಸ್ತಿ. ತುರಿಸಿದರೆ ಚರ್ಮ ಸೀಳುತ್ತದೆ, ಸೀಳಿದರೆ ಇನ್ನೂ ತುರಿಕೆ. ರಾತ್ರಿ ನಿದ್ದೆ ಇಲ್ಲ, ನಿದ್ದೆ ಇಲ್ಲದೆ ಓದು ತಲೆಗೆ ಹತ್ತಲ್ಲ, ಅದರಿಂದ ಮತ್ತೆ ಚಿಂತೆ. ಗಾಣದ ಎತ್ತು ಸುತ್ತಿದ ಹಾಗೆ. ಸ್ನಾನವಾದ ಮೇಲೆ ಮೈ ಹಸಿ ಇರುವಾಗಲೇ ಮುಲಾಮು ಹಚ್ಚಬೇಕು, ಉಗುರು ಗಿಡ್ಡ ಇರಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು ಅಂತ ವೈದ್ಯರು ಹೇಳಿದ್ದಾರೆ. ಹಾಗಂತ ಎಲ್ಲ ಚರ್ಮರೋಗವೂ ಮನಸ್ಸಿನಿಂದ ಬರುವುದಿಲ್ಲ. ಕಜ್ಜಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಕಾರಣ, ಹುಳುಕಡ್ಡಿಗೆ ಬೂಷ್ಟು ಕಾರಣ. ಕಜ್ಜಿ ಆದವನಿಗೆ "ಚಿಂತೆ ಬಿಡಪ್ಪ" ಅಂದರೆ ಏನೂ ಪ್ರಯೋಜನ ಇಲ್ಲ, ಔಷಧಿಯೇ ಬೇಕು.

ಇಷ್ಟು ಹೊತ್ತು ಮನಸ್ಸಿನಿಂದ ಚರ್ಮದ ಕಡೆಗೆ ಹೋದೆವು. ಚರ್ಮದಿಂದ ಮನಸ್ಸಿನ ಕಡೆಗೂ ದಾರಿ ಇದೆ, ನನ್ನ ಲೆಕ್ಕದಲ್ಲಿ ಅದೇ ಹೆಚ್ಚು ನೋವಿನ ದಾರಿ. ಇದನ್ನು ನಮ್ಮಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅಕ್ಕ ಮೊದಲನೇ ಪಿಯುಸಿಯಲ್ಲಿದ್ದಾಗ ಅವಳ ಬೆರಳ ತುದಿ ಮತ್ತು ಹಣೆಯ ಮೇಲೆ ಬಿಳಿ ಮಚ್ಚೆ ಬಂತು. ತೊನ್ನು. ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಕೋಶಗಳನ್ನು ದೇಹದ ರಕ್ಷಣಾ ಪಡೆಯೇ ಶತ್ರು ಅಂದುಕೊಂಡು ನಾಶ ಮಾಡಿದರೆ ಆ ಜಾಗ ಬೆಳ್ಳಗಾಗುತ್ತದೆ. ಅಷ್ಟೇ. ಅದರಲ್ಲಿ ರೋಗಾಣು ಇಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಟವೆಲ್ಲಿನಲ್ಲಿ ಒರೆಸಿಕೊಂಡರೆ ಅಂಟುವುದಿಲ್ಲ. ಇದು ಕುಷ್ಠವೂ ಅಲ್ಲ. ಕುಷ್ಠದ ಮಚ್ಚೆಗೆ ಸ್ಪರ್ಶ ಗೊತ್ತಾಗುವುದು ಕಡಿಮೆ, ತೊನ್ನಿನಲ್ಲಿ ಸ್ಪರ್ಶ ಸರಿಯಾಗಿರುತ್ತದೆ. ಕುಷ್ಠವಾದರೂ ಸರಕಾರಿ ಆಸ್ಪತ್ರೆಯ ಉಚಿತ ಮಾತ್ರೆಯಿಂದ ಪೂರ್ತಿ ವಾಸಿಯಾಗುವ ರೋಗ. ಹಾಡುಗಾರ ಮೈಕೆಲ್ ಜಾಕ್ಸನ್ ತನಗೂ ಬಣ್ಣ ಹೋಗುವ ಚರ್ಮರೋಗ ಇದೆ ಎಂದು 1993ರಲ್ಲಿ ಟಿ.ವಿ.ಯಲ್ಲಿ ಹೇಳಿದ್ದ. ಅವನು ತೀರಿಕೊಂಡದ್ದು 2009ರ ಜೂನ್ 25ರಂದು. 2011ರಿಂದ ಆ ದಿನವನ್ನೇ ವಿಶ್ವ ತೊನ್ನು ದಿನವಾಗಿ ಆಚರಿಸುತ್ತಾರೆ.

ನಲ್ಲಿ ಹತ್ತಿರ ಹೆಂಗಸರು "ಹಾಲು ಮೀನು ಒಟ್ಟಿಗೆ ತಿಂದಿದ್ದೇನಮ್ಮ?" ಅಂತ ಅಕ್ಕನನ್ನು ಕೇಳಿದರು. ನಮ್ಮ ಮನೆಯಲ್ಲಿ ಮೀನು ತರುವುದೇ ಇಲ್ಲ! ಜಾತ್ರೆಯಲ್ಲಿ ಯಾರೋ ಬಾವಂಚಿ ಎಣ್ಣೆ ಕೊಟ್ಟರು. ಹಚ್ಚಿಕೊಂಡು ಬಿಸಿಲಿಗೆ ನಿಂತಳು, ಬೊಬ್ಬೆ ಎದ್ದವು, ಸುಟ್ಟ ಜಾಗವೂ ಆಮೇಲೆ ಬೆಳ್ಳಗಾಯಿತು. ಬಾವಂಚಿಯಲ್ಲಿ ಸೊರಾಲೆನ್ ಎಂಬ ವಸ್ತು ಇದೆ, ವೈದ್ಯರೂ ಅದನ್ನು ಬಳಸುತ್ತಾರೆ, ಆದರೆ ಅಳತೆಯ ಬೆಳಕಿನಲ್ಲಿ. ತೊನ್ನು ಇರುವವರಿಗೆ ಗಾಯವಾದ ಜಾಗದಲ್ಲಿ ಹೊಸ ಮಚ್ಚೆ ಬರಬಹುದು ಅನ್ನುವುದು ನಮಗೆ ಆಮೇಲೆ ತಿಳಿಯಿತು.

ಮಚ್ಚೆ ನೋಯುವುದಿಲ್ಲ ಅಂತ ಅಕ್ಕ ಹೇಳುತ್ತಾಳೆ. ನೋಯಿಸಿದ್ದು ಬಸ್ಸಿನಲ್ಲಿ ಪಕ್ಕದಲ್ಲಿದ್ದವರು ಎದ್ದು ನಿಂತದ್ದು. ಅವಳ ನೀರಿನ ಬಾಟಲಿಯನ್ನು ಗೆಳತಿ ಬೇಡ ಅಂದದ್ದು. ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟಳು, ಮದುವೆ ಮನೆಗೆ ಹೋಗುವುದು ಬಿಟ್ಟಳು, ಊಟ ಕಡಿಮೆಯಾಯಿತು, ಎರಡು ತಿಂಗಳು ಕಾಲೇಜೂ ನಿಂತಿತು. ಅಮ್ಮ ಇದನ್ನು "ಹುಡುಗಿಗೆ ಸೊಕ್ಕು" ಅಂದುಕೊಂಡಿದ್ದರು. ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗದ ವೈದ್ಯರು ಮಚ್ಚೆ ನೋಡಿದ ಮೇಲೆ "ರಾತ್ರಿ ನಿದ್ದೆ ಬರುತ್ತಾ, ಅಳು ಬರುತ್ತಾ?" ಅಂತಲೂ ಕೇಳಿದರು. ಅದುವರೆಗೆ ಮನೆಯಲ್ಲಿ ನಾವ್ಯಾರೂ ಕೇಳಿರಲಿಲ್ಲ. ಅಲ್ಲಿಂದಲೇ ಮನೋವೈದ್ಯರ ಕೊಠಡಿಗೂ ಕಳಿಸಿದರು. ಹೋಗಲು ಆಗದವರಿಗೆ ಟೆಲಿ ಮನಸ್ ಎಂಬ ಸರಕಾರಿ ಸಹಾಯವಾಣಿ 2022ರಿಂದ ಇದೆ. 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು.

ವಾರಕ್ಕೆ ಎರಡು ಸಲ ಬೆಳಕಿನ ಚಿಕಿತ್ಸೆಗೆ ಹೋಗಿ ಬಂದು, ಈಗ ಹಣೆಯ ಮಚ್ಚೆಯೊಳಗೆ ಕೂದಲ ಬುಡದ ಸುತ್ತ ಎಳ್ಳಿನ ಹಾಗೆ ಕಂದು ಚುಕ್ಕೆ ಬಂದಿವೆ. ಬೆರಳಿನದು ಹಾಗೇ ಇದೆ. ಬೆರಳ ತುದಿಯಲ್ಲಿ ಬಣ್ಣ ಮರಳುವುದು ಕಷ್ಟ ಅಂತ ವೈದ್ಯರು ಮೊದಲೇ ಹೇಳಿದ್ದರು. ಅದೇ ಬೆರಳಲ್ಲಿ ಅವಳು ಈ ಪತ್ರಿಕೆಯ ಅಂಚಿಗೆ ಬಳ್ಳಿ ಬರೆದುಕೊಟ್ಟಿದ್ದಾಳೆ.

ಮುಂದಿನ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಅಕ್ಕ ನಮ್ಮ ಶಾಲೆಗೆ ಬರುತ್ತಾಳೆ. ಹೆಡ್‌ಮಾಸ್ಟರು ಒಪ್ಪಿದ್ದಾರೆ. ಏನಾದರೂ ಕೇಳಬೇಕಿದ್ದರೆ ಚೀಟಿಯಲ್ಲಿ ಬರೆದು ಪತ್ರಿಕೆಯ ಕೆಳಗಿರುವ ಡಬ್ಬಿಗೆ ಹಾಕಿ, ಹೆಸರು ಬರೆಯಬೇಕಾಗಿಲ್ಲ.

– ಹತ್ತನೇ ತರಗತಿ, 'ಬಿ' ವಿಭಾಗ