ದಿಬ್ಬೂರಹಳ್ಳಿಯಿಂದ ಮೂಲ್ಕಿಯ ಅಲೆಗಳಿಗೆ

ನಮ್ಮ ದಿಬ್ಬೂರಹಳ್ಳಿಯ ಸೀಮೆಯಲ್ಲಿ ನೀರೆಂದರೆ ಕೆರೆಯ ನೀರು, ಇಲ್ಲವೆ ಬಾವಿಯ ನೀರು. ನಂದಿಬೆಟ್ಟದ ಸುತ್ತಣ ಗಿರಿಪ್ರದೇಶದಲ್ಲಿ ಜನಿಸುವ ಪಿನಾಕಿನಿ, ಪಾಪಾಗ್ನಿ, ಚಿತ್ರಾವತಿಗಳು ಮಳೆಗಾಲದಲ್ಲಿ ಕೆಲದಿನ ಮೈದೋರಿ, ಉಳಿದ ಕಾಲವೆಲ್ಲ ಮರಳಿನ ಹಾಸಾಗಿ ಮಲಗಿರುವುವು. ಇಂತಹ ನೆಲದಲ್ಲಿ ಹುಟ್ಟಿ, ಬೆನ್ನಿಗೆ ಕತ್ತಾಳೆಯ ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟಿಕೊಂಡು, ಬಾವಿಯ ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತ ಸೋದರಮಾವನ ಗದರಿಕೆಯ ನಡುವೆ ಈಜು ಕಲಿತ ತರುಣರು ನಾಲ್ವರು ಕೂಡಿ, ಪಡುವಣ ಕಡಲಿನ ಅಲೆಯ ಬೆನ್ನೇರಿ ಹಲಗೆಯ ಮೇಲೆ ನಿಲ್ಲಬೇಕೆಂದು ಹಂಬಲಿಸುವುದಾದರೆ, ಆ ಹಂಬಲವನ್ನು ನಾನು ಮನಸಾರೆ ಮೆಚ್ಚುವೆನು. ಆದರೆ ಬಾವಿಗೆ ಇಳಿಯುವ ಹೊತ್ತನ್ನು ನಾವು ಗೊತ್ತುಮಾಡಿಕೊಳ್ಳುತ್ತೇವೆ. ಕಡಲಿಗೆ ಇಳಿಯುವ ಹೊತ್ತನ್ನು ಕಡಲೇ ಗೊತ್ತುಮಾಡುತ್ತದೆ. ಪ್ರಯಾಣದ ಸಿದ್ಧತೆಯೆಲ್ಲವೂ ಈ ಒಂದು ವಿಷಯವನ್ನು ಒಪ್ಪಿಕೊಂಡಲ್ಲಿಂದ ಆರಂಭವಾಗತಕ್ಕುದು.

ಹೋಗಬೇಕಾದ ಊರು ದಕ್ಷಿಣ ಕನ್ನಡದ ಮೂಲ್ಕಿ. ಅಮೆರಿಕದಿಂದ ಬಂದು ಸಂನ್ಯಾಸ ಸ್ವೀಕರಿಸಿ, ‘ಸರ್ಫಿಂಗ್ ಸ್ವಾಮಿ’ ಎಂದೇ ಪ್ರಸಿದ್ಧರಾದ ಜ್ಯಾಕ್ ಹೆಬ್ನರ್ ಅವರು 2004ರಲ್ಲಿ ಇಲ್ಲಿ ಸ್ಥಾಪಿಸಿದ ಆಶ್ರಮದಿಂದಲೇ ಮಂತ್ರ ಸರ್ಫ್ ಕ್ಲಬ್ ಬೆಳೆಯಿತು. ಭಾರತದಲ್ಲಿ ಅಲೆಸವಾರಿಯನ್ನು ಕ್ರಮವಾಗಿ ಕಲಿಸಿದ ಮೊದಲ ನೆಲೆಗಳಲ್ಲಿ ಅದೂ ಒಂದು. ಹವಾಯಿ ದ್ವೀಪದವರು ತಲೆಮಾರುಗಳಿಂದ ಆಡಿಕೊಂಡು ಬಂದ, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಪದಕದ ಸ್ಪರ್ಧೆಯಾದ ಈ ಕ್ರೀಡೆಗೆ ನಮ್ಮ ಕರಾವಳಿಯ ಮೊಗವೀರರ ಮಕ್ಕಳೂ ಇಂದು ಒಗ್ಗಿದ್ದಾರೆ. ಮೂಲ್ಕಿಯ ಸಮೀಪದಲ್ಲಿ ಶಾಂಭವಿ ಮತ್ತು ನಂದಿನಿ ನದಿಗಳು ಒಂದುಗೂಡಿ ಕಡಲನ್ನು ಸೇರುವ ಅಳಿವೆಯಿದೆ. ಅದರ ಬದಿಯ ಸಸಿಹಿತ್ಲು ಕಡಲತೀರದಲ್ಲಿ 2016ರಲ್ಲಿ ‘ಇಂಡಿಯನ್ ಓಪನ್ ಆಫ್ ಸರ್ಫಿಂಗ್’ ಪಂದ್ಯಾಟ ನಡೆಯಿತು.

ಯಾವಾಗ ಹೊರಡಬೇಕು ಎಂಬುದೇ ಕಠಿನವಾದ ಪ್ರಶ್ನೆ. ನಮ್ಮ ಕಡೆ ಮನೆಮನೆಯಲ್ಲಿಯೂ ರೇಷ್ಮೆಹುಳುವಿನ ಆಳ್ವಿಕೆ. ಎರಡನೆಯ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಕಳೆದ ಎಳೆಯ ಚಾಕಿ ಹುಳುವನ್ನು ತಂದು ತಟ್ಟೆಗೆ ಬಿಟ್ಟಂದಿನಿಂದ ಮನೆಯ ಯಜಮಾನನಿಗೆ ಊರು ಬಿಡುವ ಮಾತಿಲ್ಲ. ನಾಲ್ಕನೆಯ ಜ್ವರದಿಂದೆದ್ದ ಹುಳುವಿಗಂತೂ ಆರೇಳು ದಿನ ಹಗಲಿರುಳೆನ್ನದೆ ಸೊಪ್ಪು ಹಾಕುವುದರ ಹೊರತು ಬೇರೆ ಧ್ಯಾನವಿಲ್ಲ. ಹುಳು ಹಣ್ಣಾಗಿ, ಚಂದ್ರಿಕೆಯೇರಿ, ಗೂಡು ಬಿಡಿಸಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಾದ ಮೇಲೆ, ಮುಂದಿನ ಬೆಳೆಗಾಗಿ ಹುಳುಮನೆಯನ್ನು ತೊಳೆದು ಔಷಧ ಹೊಡೆದು ಬಾಗಿಲು ಮುಚ್ಚಿಡುವ ಆ ಕೆಲವು ದಿನಗಳೇ ನಿಮ್ಮವು. ನಾಲ್ವರು ಮಿತ್ರರ ಮನೆಗಳಲ್ಲಿ ಈ ಬಿಡುವು ಒಮ್ಮೆಗೇ ಕೂಡಿಬರಬೇಕಾದರೆ, ಎರಡು ಬೆಳೆ ಮುಂಚಿತವಾಗಿಯೇ ಕುಳಿತು ಮಾತಾಡಿ, ಚಾಕಿ ತರುವ ದಿನಗಳನ್ನು ಒಂದಕ್ಕೊಂದು ಹೊಂದಿಸಿಕೊಳ್ಳತಕ್ಕುದು. ಹಾಗೆ ಹೊಂದಿಸುವಾಗ ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಕಾಲವನ್ನು ಆರಿಸಿರಿ. ಜೂನ್ ತಿಂಗಳಿಂದ ಮುಂಗಾರಿನ ಕಡಲು ಉಗ್ರವಾಗಿರುತ್ತದೆ. ಯಾಂತ್ರಿಕ ದೋಣಿಗಳೇ ಜೂನ್ ಮತ್ತು ಜುಲೈಗಳಲ್ಲಿ ಮೀನುಗಾರಿಕೆ ನಿಲ್ಲಿಸಿ ದಡ ಸೇರಿರುವಾಗ ಹೊಸಬರಿಗೆ ಅಲ್ಲಿ ಏನು ಕೆಲಸ?

ಇನ್ನು ದಿನದ ಹೊತ್ತು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಈ ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರಿನಲ್ಲಿ ತಿಥಿ ನೋಡಿ ಕಡಲಿನ ಮನೋಧರ್ಮವನ್ನು ಇಲ್ಲಿಂದಲೇ ಊಹಿಸಬಹುದೆಂಬುದು, ಆಗಿನ್ನೂ ಕಡಲನ್ನೇ ಕಾಣದ ಬಯಲುಸೀಮೆಯವನಾದ ನನಗೆ ಮೊದಲು ತಿಳಿದಾಗ ಅತ್ಯಂತ ಆಶ್ಚರ್ಯವನ್ನುಂಟುಮಾಡಿತು. ಗಾಳಿ ಏಳುವ ಮುನ್ನ, ಬೆಳಗಿನ ಜಾವ ಕಳೆದೊಡನೆ, ಅಲೆಗಳು ನಯವಾಗಿರುತ್ತವೆ, ಪಾಠವೂ ಆಗಲೇ.

ದಾರಿಯ ವಿಷಯ ಸರಳ. ಶಿಡ್ಲಘಟ್ಟದ ಮಾರ್ಗವಾಗಿ ಬೆಂಗಳೂರು ಸೇರಿ, ಸಂಜೆ ಕಾರವಾರದ ಕಡೆಗೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ, ಹಾಸನ, ಸಕಲೇಶಪುರಗಳನ್ನು ದಾಟಿ, ಘಟ್ಟದ ಸುರಂಗಗಳನ್ನು ನಿದ್ದೆಯಲ್ಲಿಯೇ ಕಳೆದು, ಬೆಳಕು ಹರಿಯುವ ಮುನ್ನ ಸುರತ್ಕಲ್ಲಿನಲ್ಲಿ ಇಳಿಯಬಹುದು. ಅಲ್ಲಿಂದ ಮೂಲ್ಕಿಗೆ ಹೆದ್ದಾರಿಯಲ್ಲಿ ಬಸ್ಸುಗಳಿವೆ. ವಸತಿಯನ್ನೂ ಪಾಠವನ್ನೂ ಮೊದಲೇ ಗೊತ್ತುಮಾಡಿರಿ. ವಾರದ ಕೊನೆಯಲ್ಲಿ ಬೆಂಗಳೂರಿನವರ ದಟ್ಟಣೆಯಿರುವುದರಿಂದ ಸೋಮವಾರದಿಂದ ಗುರುವಾರದೊಳಗೆ ಹೋಗುವುದು ಲೇಸು.

ಚೀಲ ಕಟ್ಟುವಾಗ ಮನೆಯವರು ಹೇಳಿದ್ದನ್ನೆಲ್ಲ ತುಂಬಬೇಡಿರಿ. ಹಲಗೆಯನ್ನು ಕೊಳ್ಳಬೇಕಾದುದಿಲ್ಲ, ಕಲಿಸುವವರೇ ಹೊಸಬರಿಗಾಗಿ ಎಂಟೊಂಬತ್ತು ಅಡಿ ಉದ್ದದ, ಮೇಲ್ಮೈ ಮೆತ್ತಗಿರುವ ಹಲಗೆಯನ್ನು ಕೊಡುವರು. ಮೈಗೆ ಅಂಟಿಕೊಳ್ಳುವ ನೈಲಾನ್ ತೋಳಂಗಿ ಎರಡು, ಬೇಗನೆ ಒಣಗುವ ಚಡ್ಡಿ ಎರಡು ಇದ್ದರೆ ಸಾಕು. ಹತ್ತಿಯ ಬನಿಯನ್ನು ನೀರು ಕುಡಿದು ಕಲ್ಲಿನಂತೆ ಭಾರವಾಗುತ್ತದೆ; ಬರಿಮೈಯಲ್ಲಿ ಮಲಗಿದರೆ ಮೇಣ ಹಚ್ಚಿದ ಹಲಗೆ ಎದೆಯ ಚರ್ಮವನ್ನು ಉಜ್ಜಿ ಕೆಂಪಾಗಿಸುತ್ತದೆ. ಉಂಗುರ, ಸರ, ಉಡಿದಾರದ ಬೆಳ್ಳಿ, ಇವು ಮನೆಯಲ್ಲಿಯೇ ಇರಲಿ. ಕನ್ನಡಕ ಧರಿಸುವವರು ಅದನ್ನು ತಲೆಯ ಹಿಂದೆ ಬಿಗಿಯುವ ಪಟ್ಟಿಯನ್ನು ಅವಶ್ಯವಾಗಿ ಒಯ್ಯಬೇಕು. ನಾನು ಮೂಲ್ಕಿಗೆ ಹೋಗಿದ್ದಾಗ ನಮ್ಮೊಡನೆ ಬಂದಿದ್ದ ಮಿತ್ರನೊಬ್ಬನ ಕನ್ನಡಕ ಮೊದಲ ಅಲೆಗೇ ಹೋಯಿತು. ಆ ಮೇಲಿನ ಎರಡು ದಿನ ಅವನು ಎದುರಿಗೆ ಬರುವ ಅಲೆಯನ್ನು ಕಣ್ಣಿನಿಂದಲ್ಲ, ನಮ್ಮ ಕೂಗಿನಿಂದ ತಿಳಿಯಬೇಕಾಯಿತು. ಮುಖಕ್ಕೂ ಕಿವಿಯ ತುದಿಗೂ ಮೊಣಕಾಲಿನ ಹಿಂಬದಿಗೂ ಹಚ್ಚಲು ಸನ್‌ಸ್ಕ್ರೀನ್, ಚಿಕ್ಕ ಗಾಯಗಳಿಗೆ ಮುಲಾಮು, ಒದ್ದೆ ಬಟ್ಟೆಗೊಂದು ಪ್ಲಾಸ್ಟಿಕ್ ಚೀಲ ಇರಲಿ. ತಿನ್ನಲು ರಾಗಿಯ ಹುರಿಹಿಟ್ಟು, ಬೆಲ್ಲ, ಕಡಲೆಕಾಯಿ: ಬೆಳಗಿನ ಪಾಠಕ್ಕೆ ಹೊಟ್ಟೆ ತುಂಬ ತಿಂದು ಹೋಗಲಾಗದು, ಬರಿಹೊಟ್ಟೆಯಲ್ಲಿಯೂ ಹೋಗಲಾಗದು, ಹುರಿಹಿಟ್ಟಿನ ಎರಡು ಉಂಡೆ ಆ ಹೊತ್ತಿಗೆ ತಕ್ಕ ಆಹಾರ.

ತೀರದಲ್ಲಿ ಮೊದಲ ಅರ್ಧ ಗಂಟೆ ಮರಳಿನ ಮೇಲೆಯೇ ಪಾಠ. ನಿಮ್ಮಲ್ಲಿ ಈಜು ಬಾರದವನಿದ್ದರೆ ಅದನ್ನು ಗುರುವಿಗೆ ಮುಚ್ಚುಮರೆಯಿಲ್ಲದೆ ಹೇಳಿರಿ. ನಾಲ್ವರ ಎದುರಿನಲ್ಲಿ ನಾಚಿ ಸುಮ್ಮನಿರುವುದೇ ಅಪಾಯದ ಮೂಲ. ಅಂಥವನನ್ನು ಸೊಂಟಮಟ್ಟದ ನೀರಿನಲ್ಲಿ, ಪಕ್ಕದಲ್ಲಿಯೇ ನಿಂತು ಕಲಿಸುವರು. ಲೀಶ್ ಎಂಬ ಹುರಿಯ ಒಂದು ತುದಿಯನ್ನು ಹಲಗೆಗೂ ಇನ್ನೊಂದು ತುದಿಯನ್ನು ಹಿಂದಿನ ಕಾಲಿನ ಹರಡಿಗೂ ಬಿಗಿಯುವರು. ಅದು ಬಿಗಿದ ಕ್ಷಣದಲ್ಲಿ ಬಾವಿಯ ಬೆಂಡು ನನಗೆ ನೆನಪಾಯಿತು. ಬಿದ್ದೆದ್ದಾಗ ಕೈಗೆ ಸಿಕ್ಕುವ ತೇಲುವ ವಸ್ತುವೊಂದು ಮೈಗೆ ಕಟ್ಟಿರುವುದೆಂಬ ಧೈರ್ಯ ಎರಡರಲ್ಲಿಯೂ ಒಂದೇ. ಆದರೆ ಬೆಂಡು ಪೆಟ್ಟು ಕೊಡದು, ಹಲಗೆ ಕೊಟ್ಟೀತು. ಆದಕಾರಣ ನಿಮಗೂ ಬರುವ ಅಲೆಗೂ ನಡುವೆ ಹಲಗೆಯನ್ನು ಅಡ್ಡವಾಗಿ ಹಿಡಿಯಬೇಡಿರಿ, ಬೀಳುವಾಗ ತಲೆಕೆಳಗಾಗಿ ಧುಮುಕದೆ ಮೈ ಚಪ್ಪಟೆಯಾಗಿ ಬೀಳಿರಿ, ಏಳುವಾಗ ಎರಡು ಕೈಗಳಿಂದ ತಲೆ ಮುಚ್ಚಿಕೊಂಡು ಏಳಿರಿ.

ಅಳಿವೆಯ ಬಳಿ ನೀರು ಕಡಲಿನ ಕಡೆಗೆ ಸೆಳೆಯುವ ಪಟ್ಟಿಗಳಿರುತ್ತವೆ. ಅಲ್ಲಿ ಅಲೆ ಮುರಿಯದೆ ಮೇಲ್ಮೈ ಶಾಂತವಾಗಿ ಕಾಣುವುದರಿಂದ, ಕೆರೆಯ ನೀರಿಗೆ ಒಗ್ಗಿದ ನಮ್ಮವರ ಕಣ್ಣು ಅದನ್ನೇ ಸುರಕ್ಷಿತವಾದ ಜಾಗವೆಂದು ಭ್ರಮಿಸುತ್ತದೆ. ಹಾಗೆ ಸೆಳೆತಕ್ಕೆ ಸಿಕ್ಕಿದಲ್ಲಿ ದಡದ ಕಡೆಗೆ ಎದುರೀಜು ಬೀಳದೆ, ಹಲಗೆಯನ್ನು ಬಿಡದೆ, ದಡಕ್ಕೆ ಸಮಾನಾಂತರವಾಗಿ ಸಾಗಿ ಸೆಳೆತದಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು. ಗುರುವಿಲ್ಲದೆ, ಸಂಜೆಯ ಉತ್ಸಾಹದಲ್ಲಿ, ನೀವು ನೀವೇ ನೀರಿಗಿಳಿಯಕೂಡದೆಂದು ಊರು ಬಿಡುವ ಮುನ್ನವೇ ಪರಸ್ಪರ ಮಾತು ಕೊಟ್ಟುಕೊಳ್ಳಿರಿ.

ತೀರದಲ್ಲಿ ಮೊಗವೀರರು ಕೈರಂಪಣಿ ಬಲೆಯನ್ನು ಎಳೆಯುತ್ತಿದ್ದರೆ ಆ ಬದಿಗೆ ಹೋಗದಿರಿ; ಅವರ ಬಲೆಯನ್ನು ತುಳಿಯದಿರಿ, ದಾಟದಿರಿ. ಅವರ ದುಡಿಮೆಯ ಕಡಲಿನಲ್ಲಿ ನಾವು ಅತಿಥಿಗಳು. ಪಾಠ ಮುಗಿದ ಮೇಲೆ ಹೊಟ್ಟೆ ಕೇಳುವ ಊಟವನ್ನು ಮೂಲ್ಕಿ ಕೊಡುತ್ತದೆ: ನೀರುದೋಸೆ, ಕುಚ್ಚಲಕ್ಕಿಯ ಗಂಜಿ, ಮೀನು ತಿನ್ನುವವರಿಗೆ ಬಂಗುಡೆಯ ಸಾರು, ಸಂಜೆಗೆ ಗೋಳಿಬಜೆ. ಮುದ್ದೆಯ ನಾಲಗೆಗೆ ಕುಚ್ಚಲಕ್ಕಿ ಮೊದಲ ದಿನ ಒರಟೆನಿಸಿದರೂ ಎರಡನೆಯ ದಿನ ಹಿತವಾಗುತ್ತದೆ. ಬಿಡುವಿನ ಸಂಜೆಯಲ್ಲಿ ಶಾಂಭವಿಯ ದಡದ ಬಪ್ಪನಾಡು ದುರ್ಗಾಪರಮೇಶ್ವರಿಯ ದೇಗುಲಕ್ಕೆ ಹೋಗಿಬನ್ನಿರಿ. ಬಪ್ಪ ಬ್ಯಾರಿ ಎಂಬ ಮುಸಲ್ಮಾನ ವರ್ತಕನು ಕಟ್ಟಿಸಿದನೆಂದು ಐತಿಹ್ಯವುಳ್ಳ ಆ ಗುಡಿಯ ದೊಡ್ಡ ಡೋಲು ಕರಾವಳಿಯಲ್ಲೆಲ್ಲ ಹೆಸರಾದುದು.

ಮೂರು ದಿನ ಸಾಲುವುದು. ಮೊದಲ ದಿನ ಮೊಣಕಾಲೂರುವಿರಿ, ಎರಡನೆಯ ದಿನ ಒಂದೆರಡು ಕ್ಷಣ ನಿಲ್ಲುವಿರಿ, ಮೂರನೆಯ ದಿನ ಬಿಳಿನೊರೆಯ ಅಲೆಯೊಂದು ನಿಮ್ಮನ್ನು ನಿಂತಂತೆಯೇ ದಡದ ಮರಳಿಗೆ ತಂದು ಬಿಟ್ಟೀತು. ಕೈಯಿಂದ ನೀರು ತೋಡಿ ತೋಡಿ ಭುಜಗಳು ಆ ಮೇಲೆ ಎರಡು ದಿನ ತಲೆಯ ಮಟ್ಟಕ್ಕೆ ಏಳವು. ಹಿಪ್ಪುನೇರಳೆಯ ಕಡ್ಡಿ ಕಡಿಯಲು ಆ ಭುಜಗಳೇ ಬೇಕು. ಆದುದರಿಂದ ಮರಳಿ ಊರು ಸೇರುವ ದಿನ ಚಾಕಿ ಹುಳು ಮನೆಗೆ ಬರುವುದಕ್ಕೆ ಎರಡು ದಿನ ಮುಂಚಿನದಾಗಿರುವಂತೆ ಟಿಕೆಟು ಮಾಡಿಸಿರಿ.