ಪೈಲ್ವಾನ್ ಕಾರು ತಿರುಗಲು ಕಲಿತದ್ದು

ನೀವು ಬಸ್ಸಿನಲ್ಲಿ ಹೋಗುತ್ತಿದ್ದೀರಿ ಎಂದುಕೊಳ್ಳಿ. ಬಸ್ಸು ಒಮ್ಮೆಲೇ ಎಡಕ್ಕೆ ತಿರುಗುತ್ತದೆ. ಆಗ ನಿಮ್ಮ ಮೈ ಬಲಕ್ಕೆ ವಾಲುತ್ತದೆ. ಪಕ್ಕದಲ್ಲಿ ಕುಳಿತವರ ಮೇಲೆ ಬೀಳುವಂತಾಗುತ್ತದೆ. ಯಾರೂ ನಿಮ್ಮನ್ನು ತಳ್ಳಲಿಲ್ಲ. ಹಾಗಾದರೆ ನೀವು ವಾಲಿದ್ದೇಕೆ?

ಚಲಿಸುತ್ತಿರುವ ಯಾವುದೇ ವಸ್ತು, ಬೇರೆ ಬಲ ಅದರ ಮೇಲೆ ಬೀಳದಿದ್ದರೆ, ನೇರವಾಗಿಯೇ ಚಲಿಸುತ್ತದೆ. ಈ ಗುಣಕ್ಕೆ ಜಡತ್ವ ಎಂದು ಹೆಸರು. ನಿಮ್ಮ ಮೈ ನೇರವಾಗಿ ಹೋಗುತ್ತಿತ್ತು. ಬಸ್ಸು ಮಾತ್ರ ಎಡಕ್ಕೆ ತಿರುಗಿತು. ಅದಕ್ಕೇ ನೀವು ಬಲಕ್ಕೆ ವಾಲಿದಂತಾಯಿತು.

ಬಸ್ಸಿಗೂ ಇದೇ ನಿಯಮ. ಅದೂ ನೇರವಾಗಿಯೇ ಹೋಗಬೇಕಿತ್ತು. ಅದನ್ನು ತಿರುವಿನ ಒಳಬದಿಗೆ ಎಳೆದ ಬಲ ಯಾವುದು? ಅದು ಎಂಜಿನ್ನಿನ ಬಲವಲ್ಲ. ಟೈರಿನ ರಬ್ಬರಿಗೂ ರಸ್ತೆಗೂ ನಡುವೆ ಇರುವ ಘರ್ಷಣೆ! ಸ್ಟಿಯರಿಂಗ್ ಚಕ್ರದ ದಿಕ್ಕನ್ನು ಮಾತ್ರ ಬದಲಿಸುತ್ತದೆ. ರಸ್ತೆಯನ್ನು ಹಿಡಿದುಕೊಳ್ಳುವ ಕೆಲಸ ಟೈರಿನದು.

ಒಂದು ಕಾರಿನ ಟೈರು ರಸ್ತೆಗೆ ತಾಗುವ ಜಾಗ ಎಷ್ಟಿರುತ್ತದೆ ಗೊತ್ತೆ? ಹೆಚ್ಚುಕಡಿಮೆ ದೊಡ್ಡವರ ಅಂಗೈಯಷ್ಟು. ನಾಲ್ಕು ಚಕ್ರಕ್ಕೆ ನಾಲ್ಕು ಅಂಗೈ. ಸಾವಿರ ಕಿಲೋಗ್ರಾಂಗಿಂತ ಹೆಚ್ಚು ತೂಗುವ ಕಾರನ್ನು ತಿರುವಿನಲ್ಲಿ ಹಿಡಿದಿಡುವುದು ಇಷ್ಟೇ. ಈ ಮಾತನ್ನು ನೆನಪಿಟ್ಟುಕೊಂಡು ಒಂದು ನಿಜವಾದ ಕತೆ ಕೇಳಿ.

ನೇರ ರಸ್ತೆಯ ಶೂರರು

1960ರ ದಶಕದಲ್ಲಿ ಅಮೆರಿಕದಲ್ಲಿ ಒಂದು ಹೊಸ ಬಗೆಯ ಕಾರುಗಳು ಬಂದವು. ಸಾಧಾರಣ ಗಾತ್ರದ ಕಾರಿನೊಳಗೆ ಬಹಳ ದೊಡ್ಡ ಎಂಜಿನ್ ಕೂರಿಸಿದ ಕಾರುಗಳು ಅವು. 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಓ ಇವುಗಳಲ್ಲಿ ಹೆಸರಾದದ್ದು. ಇಂಥವನ್ನು ಅಲ್ಲಿನ ಜನ 'ಮಸಲ್ ಕಾರ್' ಎಂದು ಕರೆದರು. ಮಸಲ್ ಎಂದರೆ ಮಾಂಸಖಂಡ. ನಾವು ಇವನ್ನು ಪೈಲ್ವಾನ್ ಕಾರು ಎನ್ನೋಣ.

ಸುಮಾರು 400 ಮೀಟರ್ ನೇರ ದಾರಿಯಲ್ಲಿ ಯಾರು ಮೊದಲು ಮುಟ್ಟುತ್ತಾರೆ ಎಂಬ ಪಂದ್ಯಗಳು ಆ ದೇಶದಲ್ಲಿ ಬಹಳ ಜನಪ್ರಿಯವಾಗಿದ್ದವು. ಇಂಥ ಪಂದ್ಯಗಳಲ್ಲಿ ಪೈಲ್ವಾನ್ ಕಾರುಗಳು ಮಿಂಚಿದವು. ಆದರೆ ತಿರುವು ಬಂದರೆ? ಮೈ ಒಂದು ಕಡೆಗೆ ವಾಲುತ್ತಿತ್ತು. ಸ್ಟಿಯರಿಂಗ್ ತಿರುಗಿಸಿದರೂ ಮೂತಿ ಹೊರಗೇ ಜಾರುತ್ತಿತ್ತು. ಎಂಜಿನ್ ಮುಂದೆ ಇದ್ದುದರಿಂದ ಭಾರವೂ ಮುಂದೆಯೇ ಹೆಚ್ಚು.

1964ರ ಏಪ್ರಿಲ್‌ನಲ್ಲಿ ಫೋರ್ಡ್ ಕಂಪನಿ 'ಮಸ್ಟಾಂಗ್' ಎಂಬ ಕಾರನ್ನು ತಂದಿತು. ಮಸ್ಟಾಂಗ್ ಎಂದರೆ ಅಮೆರಿಕದ ಕಾಡುಕುದುರೆ. ಮೊದಲ ವರ್ಷದಲ್ಲೇ 4 ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ನೋಡಲು ಚೆಂದ, ಓಡಲು ಚುರುಕು. ಆದರೆ ಅದರ ಕೆಳಭಾಗದ ಹೆಚ್ಚಿನ ರಚನೆ 'ಫಾಲ್ಕನ್' ಎಂಬ ಸಾದಾ ಕಾರಿನದು. ತಿರುವುಗಳಿರುವ ರೇಸಿನಲ್ಲಿ ಗೆಲ್ಲುವ ಗುಣ ಅದಕ್ಕಿರಲಿಲ್ಲ. ಅದನ್ನು ಸರಿಪಡಿಸಲು ಕಂಪನಿಯವರು ಕ್ಯಾರೋಲ್ ಶೆಲ್ಬಿ ಎಂಬವರ ಬಳಿ ಹೋದರು.

ಕೋಳಿ ಸಾಕಿದ್ದ ರೇಸುಗಾರ

ಶೆಲ್ಬಿ ಟೆಕ್ಸಾಸ್‌ನವರು. ಹುಟ್ಟಿದ್ದು 1923ರಲ್ಲಿ. ರೇಸಿಗೆ ಬರುವ ಮೊದಲು ಕೋಳಿ ಸಾಕಣೆ ಮಾಡಿದ್ದರು. ಸಾಕಣೆ ಕೇಂದ್ರದಲ್ಲಿ ತೊಡುವ ಪಟ್ಟೆಪಟ್ಟೆ ಉಡುಪಿನಲ್ಲೇ ರೇಸಿಗೆ ಇಳಿದು ಹೆಸರಾದರು. 1959ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಎಂಬಲ್ಲಿ ನಡೆಯುವ 24 ಗಂಟೆಗಳ ರೇಸನ್ನು ಜೊತೆಗಾರನೊಂದಿಗೆ ಗೆದ್ದರು. ಹೃದಯದ ಕಾಯಿಲೆಯಿಂದಾಗಿ ರೇಸು ಬಿಡಬೇಕಾಯಿತು. ಆಮೇಲೆ ಲಾಸ್ ಏಂಜಲಿಸ್‌ನಲ್ಲಿ ಕಾರು ತಯಾರಿಸುವ ಕಾರ್ಯಾಗಾರ ತೆರೆದರು. ಅಲ್ಲಿ ಮಸ್ಟಾಂಗ್ ಕಾರನ್ನು ಬದಲಾಯಿಸುವ ಕೆಲಸ ಶುರುವಾಯಿತು. ಕೆನ್ ಮೈಲ್ಸ್ ಎಂಬ ನುರಿತ ಚಾಲಕ ಕಾರನ್ನು ಓಡಿಸಿ ಪರೀಕ್ಷಿಸುತ್ತಿದ್ದರು. ಹೀಗೆ ಸಿದ್ಧವಾದದ್ದು 1965ರ 'ಶೆಲ್ಬಿ ಜಿಟಿ350'.

ಅವರು ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿದ್ದು 271 ಅಶ್ವಶಕ್ತಿಯಿಂದ 306ಕ್ಕೆ ಮಾತ್ರ. ಕಾರಿನ ಗುಣವನ್ನೇ ಬದಲಿಸಿದ ಕೆಲಸ ನಡೆದದ್ದು ಕೆಳಗೆ, ಸಸ್ಪೆನ್ಷನ್ನಿನಲ್ಲಿ.

ಸಸ್ಪೆನ್ಷನ್ ಎಂದರೇನು?

ಕಾರಿನ ಮೈಯನ್ನು ಚಕ್ರಗಳಿಗೆ ಜೋಡಿಸುವ ಸ್ಪ್ರಿಂಗು, ತೋಳು, ಸರಳುಗಳ ವ್ಯವಸ್ಥೆಯೇ ಸಸ್ಪೆನ್ಷನ್. ಕುಳಿತವರಿಗೆ ಕುಲುಕಾಟ ತಪ್ಪಿಸಲು ಅದು ಇದೆ ಎಂದು ನಾವು ತಿಳಿಯುತ್ತೇವೆ. ಅದು ನಿಜ. ಆದರೆ ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ರಸ್ತೆ ಹೇಗೇ ಇರಲಿ, ನಾಲ್ಕೂ ಟೈರುಗಳನ್ನು ರಸ್ತೆಗೆ ಸರಿಯಾಗಿ ಒತ್ತಿ ಹಿಡಿಯುವುದು.

ಕಾರು ಎಡಕ್ಕೆ ತಿರುಗಿದಾಗ ಮೈ ಬಲಕ್ಕೆ ವಾಲುತ್ತದೆ, ನೀವು ಬಸ್ಸಿನಲ್ಲಿ ವಾಲಿದ ಹಾಗೆ. ಬಲಬದಿಯ ಚಕ್ರಗಳ ಮೇಲೆ ಭಾರ ಹೆಚ್ಚುತ್ತದೆ. ಎಡಬದಿಯವು ಹಗುರಾಗುತ್ತವೆ. ಇದರಿಂದ ಎರಡು ನಷ್ಟಗಳಿವೆ.

ಮೊದಲನೆಯದು: ಟೈರಿನ ಮೇಲಿನ ಭಾರ ಎರಡು ಪಟ್ಟಾದರೆ ಅದರ ಹಿಡಿತ ಎರಡು ಪಟ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಆಗುತ್ತದೆ. ಹಾಗಾಗಿ ಭಾರ ಹೊತ್ತ ಚಕ್ರ ಗಳಿಸಿದ ಹಿಡಿತಕ್ಕಿಂತ, ಹಗುರಾದ ಚಕ್ರ ಕಳೆದುಕೊಂಡದ್ದು ಹೆಚ್ಚು. ಒಟ್ಟು ಹಿಡಿತ ಇಳಿಯುತ್ತದೆ.

ಎರಡನೆಯದು: ಮೈಯ ಜೊತೆ ಚಕ್ರವೂ ವಾಲಿದರೆ ಟೈರು ಅಂಚಿನ ಮೇಲೆ ನಿಲ್ಲುತ್ತದೆ. ಅಂಗೈಯಷ್ಟು ಜಾಗವೂ ಕಿರಿದಾಗುತ್ತದೆ.

ಮಾಡಿ ನೋಡಿ – 1

ಬೇಕಾಗುವ ಸಾಮಗ್ರಿ: ಚೌಕಾಕಾರದ ಒಂದು ರಬ್ಬರು, ಪೆನ್ಸಿಲು, ಬಿಳಿ ಕಾಗದ.

ಪೆನ್ಸಿಲಿನಿಂದ ಕಾಗದದ ಮೇಲೆ ಒಂದು ಕಡೆ ದಟ್ಟವಾಗಿ ಕಪ್ಪು ಬಳಿಯಿರಿ. ರಬ್ಬರಿನ ಒಂದು ಮುಖವನ್ನೂ ಅದರ ಅಂಚನ್ನೂ ಆ ಕಪ್ಪಿಗೆ ಉಜ್ಜಿ. ಈಗ ಆ ಮುಖವನ್ನು ಬಿಳಿ ಜಾಗದ ಮೇಲೆ ನೇರವಾಗಿ ಒತ್ತಿ. ಅಚ್ಚು ಪೂರ್ತಿ ಮೂಡುತ್ತದೆ. ಇನ್ನೊಮ್ಮೆ ಕಪ್ಪಿಗೆ ಉಜ್ಜಿ, ಈ ಸಲ ರಬ್ಬರನ್ನು ಓರೆ ಮಾಡಿ ಒತ್ತಿ. ಅಂಚಿನ ಒಂದು ಗೆರೆ ಮಾತ್ರ ಮೂಡುತ್ತದೆ. ಓರೆಯಾಗಿ ನಿಂತ ಟೈರಿನ ಕತೆಯೂ ಹೀಗೆಯೇ.

ಏನೇನು ಬದಲಾಯಿಸಿದರು?

1. ತೋಳಿನ ಜಾಗ. ಮುಂದಿನ ಪ್ರತಿ ಚಕ್ರವನ್ನು ಮೇಲೊಂದು, ಕೆಳಗೊಂದು ತೋಳು ಹಿಡಿದಿರುತ್ತವೆ. ಮೇಲಿನ ತೋಳನ್ನು ಮೈಗೆ ಜೋಡಿಸುವ ರಂಧ್ರಗಳನ್ನು 1 ಅಂಗುಲ, ಅಂದರೆ ಸುಮಾರು ಎರಡೂವರೆ ಸೆಂಟಿಮೀಟರ್ ಕೆಳಗೆ ಕೊರೆದರು. ಫೋರ್ಡ್ ಕಂಪನಿಯ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಇದರ ಲೆಕ್ಕ ಹಾಕಿದ್ದರು. ಫಲವೇನು? ಮೈ ವಾಲಿ ಕೆಳಗೆ ಇಳಿಯುವಾಗ ತೋಳು ಚಕ್ರದ ತಲೆಯನ್ನು ಒಳಕ್ಕೆ ಎಳೆಯುತ್ತದೆ. ಮೈ ಹೊರಕ್ಕೆ ವಾಲಿದರೂ ಚಕ್ರ ಹೆಚ್ಚು ನೆಟ್ಟಗೆ ನಿಲ್ಲುತ್ತದೆ. ನಾಲ್ಕು ರಂಧ್ರಗಳ ಜಾಗ ಬದಲಿಸಿದ್ದಷ್ಟೇ, ಆದರೆ ಲಾಭ ದೊಡ್ಡದು.

2. ವಾಲುವಿಕೆ ತಡೆಯುವ ಸರಳು. ಮುಂದಿನ ಎರಡು ಚಕ್ರಗಳ ನಡುವೆ ಉಕ್ಕಿನ ಒಂದು ಸರಳು ಇರುತ್ತದೆ. ಮೈ ಒಂದು ಕಡೆ ವಾಲಿದರೆ ಈ ಸರಳು ತಿರುಚಿಕೊಳ್ಳಬೇಕಾಗುತ್ತದೆ. ಉಕ್ಕು ಸುಲಭವಾಗಿ ತಿರುಚಿಕೊಳ್ಳುವುದಿಲ್ಲ. ಆದ್ದರಿಂದ ವಾಲುವುದು ಕಡಿಮೆಯಾಗುತ್ತದೆ. ಜಿಟಿ350ಕ್ಕೆ ಮೊದಲಿದ್ದದ್ದಕ್ಕಿಂತ ದಪ್ಪನಾದ, 1 ಅಂಗುಲದ ಸರಳು ಹಾಕಿದರು.

3. ಶಾಕ್ ಅಬ್ಸಾರ್ಬರ್. ಒತ್ತಿ ಬಿಟ್ಟ ಸ್ಪ್ರಿಂಗು ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಹಾಗೆ ಕುಣಿದರೆ ಚಕ್ರ ರಸ್ತೆಯಿಂದ ಏಳುತ್ತದೆ. ಎದ್ದ ಚಕ್ರಕ್ಕೆ ಹಿಡಿತವೆಲ್ಲಿ? ಶಾಕ್ ಅಬ್ಸಾರ್ಬರಿನ ಒಳಗೆ ಎಣ್ಣೆ ಇದೆ. ಅದು ಸಣ್ಣ ರಂಧ್ರಗಳ ಮೂಲಕ ತೂರಿ ಹೋಗಬೇಕು. ಆಗ ಕುಣಿತದ ಶಕ್ತಿ ಉಷ್ಣವಾಗಿ ಬದಲಾಗಿ, ಕುಣಿತ ನಿಲ್ಲುತ್ತದೆ. ಶೆಲ್ಬಿ ತಂಡ ಕೋನಿ ಎಂಬ ಹೆಸರಿನ, ಬಿಗುವನ್ನು ಹೊಂದಿಸಬಹುದಾದ ಶಾಕ್ ಅಬ್ಸಾರ್ಬರುಗಳನ್ನು ಹಾಕಿತು.

4. ಹಿಂದಿನ ಅಚ್ಚು. ಮಸ್ಟಾಂಗ್ ಕಾರಿನ ಹಿಂದೆ ಲಾರಿಗಳಲ್ಲಿರುವಂತೆ ಕಮಾನು ಪಟ್ಟಿಗಳಿದ್ದವು. ಎಂಜಿನ್ ಜೋರಾಗಿ ಎಳೆದಾಗ ಅಚ್ಚು ಈ ಪಟ್ಟಿಗಳನ್ನೇ ತಿರುಚಿ, ಚಕ್ರಗಳು ಪುಟಿಯುತ್ತಿದ್ದವು. ಅಚ್ಚು ಹಾಗೆ ತಿರುಚದಂತೆ ಹೆಚ್ಚುವರಿ ಸರಳುಗಳನ್ನು ಜೋಡಿಸಿದರು.

5. ಗಟ್ಟಿ ಚೌಕಟ್ಟು. ತೋಳು, ಸ್ಪ್ರಿಂಗುಗಳನ್ನು ಹಿಡಿದಿರುವ ಕಾರಿನ ಮೈಯೇ ಬಳುಕಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಅದಕ್ಕಾಗಿ ಎಂಜಿನ್ನಿನ ಮೇಲೆ ಅಡ್ಡವಾಗಿ ಉಕ್ಕಿನ ಸರಳು ಹಾಕಿ ಎರಡು ಬದಿಗಳನ್ನು ಬಿಗಿದರು.

6. ಭಾರದ ಹಂಚಿಕೆ. ಎಂಜಿನ್ನಿನ ಮೇಲಿನ ಮುಚ್ಚಳವನ್ನು ಹಗುರವಾದ ಫೈಬರ್‌ಗ್ಲಾಸಿನಿಂದ ಮಾಡಿದರು. ಹಿಂದಿನ ಸೀಟು ತೆಗೆದು ಅಲ್ಲಿ ಹೆಚ್ಚುವರಿ ಚಕ್ರ ಇಟ್ಟರು. ಮೊದಮೊದಲ ಕಾರುಗಳಲ್ಲಿ ಬ್ಯಾಟರಿಯನ್ನೂ ಹಿಂದಿನ ಡಿಕ್ಕಿಗೆ ಸಾಗಿಸಿದರು. ಹೀಗೆ ಮೂತಿಯ ಭಾರ ಇಳಿಯಿತು.

ಮಾಡಿ ನೋಡಿ – 2

ಸೂಜಿ ಇಲ್ಲದ, ಬಳಸಿರದ ಹೊಸ ಸಿರಿಂಜಿನಲ್ಲಿ ನೀರು ತುಂಬಿ. ದಂಡವನ್ನು ನಿಧಾನವಾಗಿ ಒತ್ತಿ. ಸುಲಭವಾಗಿ ಹೋಗುತ್ತದೆ. ಮತ್ತೆ ತುಂಬಿ, ಈಗ ಬೇಗ ಒತ್ತಲು ನೋಡಿ. ಬಹಳ ಬಲ ಬೇಕಾಗುತ್ತದೆ. ಶಾಕ್ ಅಬ್ಸಾರ್ಬರ್ ಕೆಲಸ ಮಾಡುವುದೂ ಹೀಗೆ. ಚಲನೆ ವೇಗವಾದಷ್ಟೂ ತಡೆ ಹೆಚ್ಚು.

ನಿಮಗೆ ಗೊತ್ತೆ?

ಒಂದೇ ಉದ್ದದ ಎರಡು ಉಕ್ಕಿನ ಸರಳುಗಳಿವೆ. ಒಂದರ ದಪ್ಪ ಇನ್ನೊಂದರ ಎರಡರಷ್ಟು. ದಪ್ಪ ಸರಳನ್ನು ಅಷ್ಟೇ ತಿರುಚಲು ಎಷ್ಟು ಬಲ ಬೇಕು? ಎರಡರಷ್ಟಲ್ಲ, ಹದಿನಾರರಷ್ಟು! ಆದ್ದರಿಂದ ಸರಳಿನ ದಪ್ಪ ಸ್ವಲ್ಪ ಹೆಚ್ಚಿಸಿದರೂ ಕಾರಿನ ವರ್ತನೆ ಬಹಳ ಬದಲಾಗುತ್ತದೆ.

ಫಲ ಸಿಕ್ಕಿತೆ?

1965ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನ ಗ್ರೀನ್ ವ್ಯಾಲಿ ಎಂಬಲ್ಲಿ ಜಿಟಿ350 ತನ್ನ ಮೊದಲ ರೇಸಿಗೆ ಇಳಿಯಿತು. ಕೆನ್ ಮೈಲ್ಸ್ ಅದನ್ನು ಓಡಿಸಿ ಗೆದ್ದರು. 1965, 1966 ಮತ್ತು 1967, ಹೀಗೆ ಸತತ ಮೂರು ವರ್ಷ ಅಮೆರಿಕದ ಕ್ರೀಡಾ ಕಾರುಗಳ ಸಂಘದ ರಾಷ್ಟ್ರೀಯ ಸ್ಪರ್ಧೆಯಲ್ಲಿ ತನ್ನ ವರ್ಗದ ಪ್ರಶಸ್ತಿ ಈ ಕಾರಿನದಾಯಿತು. ನೇರ ರಸ್ತೆಯ ಪೈಲ್ವಾನ್ ತಿರುಗಲು ಕಲಿತಿತ್ತು.

ಆದರೆ ಲಾಭ ಸುಮ್ಮನೆ ಬರಲಿಲ್ಲ. ಬಿಗುವಾದ ಸಸ್ಪೆನ್ಷನ್ನಿನಿಂದ ಸವಾರಿ ಒರಟಾಯಿತು. ಕೆಲಸವೂ ಖರ್ಚೂ ಹೆಚ್ಚು. ಆದ್ದರಿಂದ 1966ರ ಹೆಚ್ಚಿನ ಕಾರುಗಳಲ್ಲಿ ತೋಳಿನ ಜಾಗ ಬದಲಿಸುವುದೂ ಸೇರಿ ಕೆಲವು ಬದಲಾವಣೆಗಳನ್ನು ಕೈಬಿಟ್ಟರು. ರೇಸಿಗೆ ಒಪ್ಪುವ ಕಾರು, ದಿನವೂ ಮನೆಮಂದಿ ಓಡಾಡಲು ಒಪ್ಪಬೇಕೆಂದಿಲ್ಲ.

ಎಷ್ಟೇ ಒಳ್ಳೆಯ ಕಾರಾದರೂ...

ಮಕ್ಕಳೇ, ಈಗ ಅತಿ ಮುಖ್ಯವಾದ ಮಾತು. ಸಸ್ಪೆನ್ಷನ್ ಟೈರಿನ ಹಿಡಿತವನ್ನು ಪೂರ್ತಿ ಬಳಸಿಕೊಳ್ಳಲು ನೆರವಾಗುತ್ತದೆ. ಆದರೆ ಆ ಹಿಡಿತಕ್ಕೂ ಒಂದು ಮಿತಿ ಇದೆ. ಕೆಳಗಿನ ಲೆಕ್ಕ ನೋಡಿ. ಒಂದೇ ತಿರುವಿನಲ್ಲಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ತಿರುಗಲು ಬೇಕಾದ ಬಲವನ್ನು 1 ಪಾಲು ಎಂದುಕೊಳ್ಳಿ.

ಗಂಟೆಗೆ 20 ಕಿ.ಮೀ. – 1 ಪಾಲು
ಗಂಟೆಗೆ 40 ಕಿ.ಮೀ. – 4 ಪಾಲು
ಗಂಟೆಗೆ 60 ಕಿ.ಮೀ. – 9 ಪಾಲು

ವೇಗ ಮೂರು ಪಟ್ಟಾದರೆ ಬೇಕಾದ ಹಿಡಿತ ಒಂಬತ್ತು ಪಟ್ಟು! ರಸ್ತೆ ಒದ್ದೆಯಾಗಿದ್ದರೆ, ಮರಳೋ ಜಲ್ಲಿಯೋ ಬಿದ್ದಿದ್ದರೆ ಸಿಗುವ ಹಿಡಿತವೇ ಕಡಿಮೆ. ಬೇಕಾದದ್ದು ಸಿಗುವುದಕ್ಕಿಂತ ಹೆಚ್ಚಾದ ಕ್ಷಣ ವಾಹನ ಜಾರುತ್ತದೆ. ಆಗ ಎಂಜಿನ್ನಿನ ಶಕ್ತಿ ಏನೂ ಮಾಡಲಾರದು.

ತಿರುವಿನ ಮೊದಲೇ ಎಚ್ಚರಿಕೆಯ ಫಲಕ ಹಾಕುವುದು ಇದಕ್ಕಾಗಿಯೇ. ವೇಗ ಇಳಿಸಬೇಕಾದದ್ದು ತಿರುವಿನ ಒಳಗಲ್ಲ, ತಿರುವಿಗೆ ಮುಂಚೆ. ನೀವು ಸೈಕಲ್ ತುಳಿಯುವಾಗಲೂ ಇದು ನೆನಪಿರಲಿ. ಸೈಕಲ್ಲಿಗೆ ಇರುವುದು ಎರಡೇ ಟೈರು. ಅದು ನೆಲಕ್ಕೆ ತಾಗುವ ಜಾಗ ಅಂಗೈಯಷ್ಟೂ ಇಲ್ಲ, ಹೆಬ್ಬೆರಳಿನಷ್ಟು.

ಯೋಚಿಸಿ, ಉತ್ತರಿಸಿ

1. ಬಸ್ಸಿನ ಮೇಲೆ ತುಂಬ ಸಾಮಾನು ಹೇರಿದರೆ ತಿರುವಿನಲ್ಲಿ ಅದು ಹೆಚ್ಚು ವಾಲುತ್ತದೆಯೆ, ಕಡಿಮೆ ವಾಲುತ್ತದೆಯೆ? ಏಕೆ?

2. ಕಬಡ್ಡಿ ಆಟಗಾರರು ಕಾಲು ಅಗಲಿಸಿ, ಮೈ ತಗ್ಗಿಸಿ ನಿಲ್ಲುತ್ತಾರೆ. ರೇಸಿನ ಕಾರುಗಳು ಅಗಲವಾಗಿ, ತಗ್ಗಾಗಿ ಇರುವುದಕ್ಕೂ ಇದಕ್ಕೂ ಏನು ಸಂಬಂಧ?

3. ನಿಮ್ಮೂರಿಗೆ ಬರುವ ಲಾರಿ ಅಥವಾ ಟ್ರ್ಯಾಕ್ಟರಿನ ಟ್ರೇಲರ್ ನಿಂತಿರುವಾಗ, ಅದರ ಚಾಲಕರನ್ನು ಕೇಳಿ, ಕಮಾನು ಪಟ್ಟಿಗಳಿವೆಯೇ ಎಂದು ದೂರದಿಂದಲೇ ನೋಡಿ. ಎಷ್ಟು ಪಟ್ಟಿಗಳಿವೆ? ಚಿತ್ರ ಬರೆದು ತರಗತಿಯಲ್ಲಿ ತೋರಿಸಿ.